ಮನೆಯ ಶೆಡ್ಡಿನಲ್ಲಿ ಕರೆಂಟಿನ ಯಂತ್ರಗಳು: ಎರೆ ಸೀಮೆಯ ರೈತರು ತಿಳಿದಿರಬೇಕಾದ ಅಂಶಗಳು

ಹಿಂದೆ ಕುಂಟೆಯ ಕುಡ ಮೊಂಡಾದರೆ ಕಮ್ಮಾರರ ಕುಲುಮೆಗೆ, ಕೂರಿಗೆ ಸಡಿಲಾದರೆ ಬಡಿಗೇರರ ಮನೆಗೆ ಒಯ್ಯುವುದು ರೂಢಿಯಾಗಿತ್ತು. ಇಂದು ಟ್ರ್ಯಾಕ್ಟರ್ ನಿಲ್ಲಿಸುವ ತಗಡಿನ ಶೆಡ್ಡೇ ಅನೇಕ ರೈತರ ಮನೆಯಲ್ಲಿ ಸಣ್ಣ ಕಾರ್ಯಾಗಾರವಾಗಿದೆ. ಡ್ರಿಲ್ಲಿಂಗ್ ಮಷೀನು, ಕಬ್ಬಿಣ ಕತ್ತರಿಸುವ ಗ್ರೈಂಡರು, ಮೇವು ಕತ್ತರಿಸುವ ಯಂತ್ರ, ಕೆಲವರಲ್ಲಿ ವೆಲ್ಡಿಂಗ್ ಮಷೀನು ಸಹ ಅಲ್ಲಿರುತ್ತವೆ. ಇದರಿಂದ ಹಂಗಾಮಿನಲ್ಲಿ ಸಮಯ ಉಳಿಯುತ್ತದೆ, ಖರ್ಚೂ ಉಳಿಯುತ್ತದೆ. ಆದರೆ ಯಂತ್ರ ಕೊಳ್ಳುವಾಗ ಇರುವ ಎಚ್ಚರ ಅದಕ್ಕೆ ಕರೆಂಟು ಕೊಡುವಾಗ ಇರುವುದಿಲ್ಲ.

ಈ ಲೇಖಕನು ಬೇಸಾಯಶಾಸ್ತ್ರದವನು, ವಿದ್ಯುತ್ ಇಂಜಿನಿಯರ್ ಅಲ್ಲ. ಆದರೂ ಈ ವಿಷಯ ಬರೆಯಲು ಮಣ್ಣೇ ಕಾರಣ. ರೋಣ ತಾಲೂಕಿನ ಯಾವಗಲ್ ಭಾಗಕ್ಕೆ ಒಂದು ಬೇಸಿಗೆಯಲ್ಲಿ ಹೋದಾಗ, ಶೆಡ್ಡೊಂದರಲ್ಲಿ ಮೇವು ಕತ್ತರಿಸುವ ಯಂತ್ರದ ಮೈಗೆ ಕೈ ತಾಗಿ ಜುಮ್ಮೆಂದಿತು. "ಮಳಿಗಾಲದಾಗ ಹಿಂಗ ಆಗೂದಿಲ್ರೀ ಸರ್, ಬ್ಯಾಸಗ್ಯಾಗ ಅಷ್ಟ" ಎಂದರು ಯಜಮಾನರು. ಅರ್ಥಿಂಗ್ ಹಾಕಿಸಿದ್ದರು. ಹೊರಗೆ ಹೋಗಿ ನೋಡಿದರೆ, ಅರ್ಥಿಂಗ್ ಸರಳಿನ ಸುತ್ತ ಎರಡು ಬೆರಳು ಹಿಡಿಸುವಷ್ಟು ಬಿರುಕು ಬಿಟ್ಟಿತ್ತು.

ಎರೆ ಮಣ್ಣು ಮತ್ತು ಅರ್ಥಿಂಗ್

ಯಂತ್ರದ ಒಳಗಿನ ತಂತಿಯ ಹೊದಿಕೆ ಸವೆದು ಕಬ್ಬಿಣದ ಮೈಗೆ ತಗುಲಿದರೆ, ಆ ಕರೆಂಟು ಸುಲಭವಾಗಿ ಭೂಮಿಗೆ ಇಳಿಯಲು ದಾರಿ ಮಾಡಿಕೊಡುವುದೇ ಅರ್ಥಿಂಗ್. ಹಸಿ ಎರೆ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಆದರೆ ಈ ಮಣ್ಣಿನ ಜೇಡಿಯು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಗುಣದ್ದು. ಬೇಸಿಗೆಯಲ್ಲಿ ಮೂರು ಅಡಿಯವರೆಗೂ ಬಿರುಕು ಬಿಡುವುದುಂಟು. ಆಗ ಸರಳಿಗೂ ಮಣ್ಣಿಗೂ ನಡುವೆ ಗಾಳಿ ಸೇರಿ, ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಕ್ರಮಗಳನ್ನು ಅನುಸರಿಸಬೇಕು.

1. ಮೊಳದುದ್ದದ ಸರಳು ಸಾಲದು. ಕನಿಷ್ಠ 38 ಮಿ.ಮೀ. ಒಳವ್ಯಾಸದ, 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ಗೋಡೆಯಿಂದ 1.5 ಮೀಟರ್ ದೂರದಲ್ಲಿ ಹೂಳಬೇಕು. ಬಿರುಕು ಬಿಡುವ ಪದರಿಗಿಂತ ಕೆಳಗೆ, ತಂಪು ಉಳಿಯುವ ಆಳಕ್ಕೆ ಅದು ಇಳಿಯಬೇಕು.

2. ಪೈಪಿನ ಸುತ್ತ ಇದ್ದಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಬೇಕು. ಮೇಲೆ ಸಣ್ಣ ತೊಟ್ಟಿ ಕಟ್ಟಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು.

3. ಅರ್ಥಿಂಗನ್ನು ಅಳತೆ ಮಾಡಿಸುವುದಾದರೆ ಏಪ್ರಿಲ್-ಮೇ ತಿಂಗಳಲ್ಲಿ ಮಾಡಿಸಬೇಕು. ಮಳೆಗಾಲದ ಅಳತೆ ನಂಬಿ ಬೇಸಿಗೆಯಲ್ಲಿ ಮೋಸ ಹೋಗಬಾರದು.

4. ಸವುಳು ಇರುವ ಜಾಗದಲ್ಲಿ ಪೈಪು ಮತ್ತು ನಟ್ಟು-ಬೋಲ್ಟುಗಳಿಗೆ ಬೇಗ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಿ ಬಿಗಿಯಬೇಕು.

ಫ್ಯೂಜ್ ಇದ್ದರೆ ಸಾಲದೇ?

ಸಾಲದು. ಫ್ಯೂಜ್ ಅಥವಾ ಎಂ.ಸಿ.ಬಿ. ಇರುವುದು ತಂತಿ ಸುಡದಂತೆ ಕಾಯಲು. ಮನುಷ್ಯನನ್ನು ಕಾಯಲು ಅಲ್ಲ. ಒಂದು ಲೆಕ್ಕ ನೋಡಿ. ಒಣಗಿದ ನೆಲದಲ್ಲಿ ಅರ್ಥಿಂಗಿನ ತಡೆ 40 ಓಮ್ ಇದೆ ಎನ್ನೋಣ. 230 ವೋಲ್ಟಿನ ತಂತಿ ಯಂತ್ರದ ಮೈಗೆ ತಗುಲಿದರೆ ಭೂಮಿಗೆ ಹರಿಯುವ ಕರೆಂಟು 230 ಭಾಗಿಸು 40, ಅಂದರೆ 6 ಆಂಪಿಯರಿಗೂ ಕಡಿಮೆ. 16 ಆಂಪಿಯರಿನ ಎಂ.ಸಿ.ಬಿ. ಇದಕ್ಕೆ ಬೀಳುವುದಿಲ್ಲ. ಯಂತ್ರದ ಮೈಮೇಲೆ ಕರೆಂಟು ಹಾಗೆಯೇ ನಿಂತಿರುತ್ತದೆ. ಆದರೆ ಮನುಷ್ಯನ ಮೈಯಲ್ಲಿ 10 ಮಿಲಿಆಂಪಿಯರ್, ಅಂದರೆ ಆಂಪಿಯರಿನ ನೂರನೇ ಒಂದು ಭಾಗ ಹರಿದರೂ ಹಿಡಿದ ಕೈ ಬಿಡಿಸಿಕೊಳ್ಳಲು ಆಗದೆ ಹೋಗಬಹುದು. ಅದರ ಕೆಲವು ಪಟ್ಟು ಹರಿದರೆ ಪ್ರಾಣಕ್ಕೇ ಅಪಾಯ.

ಇದಕ್ಕೆ ಪರಿಹಾರ ಆರ್.ಸಿ.ಸಿ.ಬಿ. ಎಂಬ ಸಾಧನ. ಹೋಗುವ ಕರೆಂಟು ಮತ್ತು ಮರಳುವ ಕರೆಂಟು ಸಮ ಇವೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಎಲ್ಲಿಯಾದರೂ ಸೋರಿ ವ್ಯತ್ಯಾಸ ಬಂದರೆ ಕ್ಷಣಾರ್ಧದಲ್ಲಿ ಲೈನು ಕಡಿಯುತ್ತದೆ. ಶೆಡ್ಡಿಗೆ 30 ಮಿಲಿಆಂಪಿಯರಿನದನ್ನೇ ಕೇಳಿ ತರಬೇಕು. ಅದರ ಜೊತೆ ಎಂ.ಸಿ.ಬಿ.ಯೂ ಇರಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ಎಂದು ನೋಡಬೇಕು. ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆ ಮಾಡುವವರು ಅಂದೇ ಇದನ್ನೂ ಮಾಡಿದರೆ ಮರೆಯುವುದಿಲ್ಲ. ಆದರೆ ಈ ಗುಂಡಿಯಿಂದ ಅರ್ಥಿಂಗ್ ಸರಿಯಿದೆಯೇ ಎಂಬುದು ತಿಳಿಯುವುದಿಲ್ಲ.

ತಂತಿಯ ಗಾತ್ರ

ನಾಲ್ಕು ಇಂಚಿನ ಗ್ರೈಂಡರು ಸುಮಾರು 3-4 ಆಂಪಿಯರ್ ಎಳೆಯುತ್ತದೆ. 2 ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್, ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. 30 ಮೀಟರ್ ದೂರಕ್ಕೆ 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿಸಿದರೆ ಸುಮಾರು 11 ವೋಲ್ಟ್ ದಾರಿಯಲ್ಲೇ ನಷ್ಟ. 110 ವ್ಯಾಟಿನಷ್ಟು ಶಾಖ ತಂತಿಯಲ್ಲೇ ಹುಟ್ಟುತ್ತದೆ. ವಾಯರನ್ನು ಸುರುಳಿ ಸುತ್ತಿಟ್ಟೇ ಬಳಸಿದರೆ ಈ ಶಾಖ ಹೊರಹೋಗದೆ ಹೊದಿಕೆ ಕರಗುತ್ತದೆ. ಆದ್ದರಿಂದ ಮನೆಯ ಮೇನ್ ಬೋರ್ಡಿನಿಂದ ಶೆಡ್ಡಿಗೆ ಬೇರೆಯೇ ಲೈನು ಎಳೆಸಿ, 16 ಆಂಪಿಯರಿನ ಪ್ಲಗ್ಗಿಗೆ 2.5 ಚದರ ಮಿ.ಮೀ.ಗಿಂತ ಕಡಿಮೆಯಿಲ್ಲದ ತಾಮ್ರದ ತಂತಿ ಹಾಕಿಸಬೇಕು. ವೆಲ್ಡಿಂಗ್ ಮಷೀನಿಗೆ ಈ ಲೈನು ಸಾಲದು. ಅದಕ್ಕೆ ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ, ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು.

ಮಾಡಬಾರದ ಕೆಲಸಗಳು

1. ನ್ಯೂಟ್ರಲ್ ಬದಲು ಅರ್ಥಿಂಗ್ ಸರಳಿಗೆ ತಂತಿ ಕಟ್ಟಿ ಯಂತ್ರ ಓಡಿಸಬಾರದು. ಹಾಗೆ ಮಾಡಿದರೆ ಆ ಸರಳೇ ಕರೆಂಟಿನ ಕಂಬವಾಗುತ್ತದೆ. ಮುಟ್ಟಿದ ಮಗುವಿಗೂ ದನಕ್ಕೂ ಅಪಾಯ.

2. ಪದೇ ಪದೇ ಬೀಳುತ್ತದೆ ಎಂದು ಆರ್.ಸಿ.ಸಿ.ಬಿ.ಯನ್ನು ತೆಗೆದು ನೇರ ಜೋಡಿಸಬಾರದು. ಅದು ಬೀಳುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ತಿಳಿದು ಹುಡುಕಿಸಬೇಕು.

3. ತ್ರೀ-ಪಿನ್ನಿನ ದಪ್ಪ ಪಿನ್ನು ಮುರಿಯಬಾರದು. ಅರ್ಥಿಂಗಿನ ದಾರಿ ಅದೇ. ಕೆಲವು ಕೈ ಯಂತ್ರಗಳಿಗೆ ಎರಡೇ ಪಿನ್ನು ಇರುತ್ತವೆ. ಅವುಗಳ ಮೇಲೆ ಒಂದರೊಳಗೊಂದು ಎರಡು ಚೌಕದ ಗುರುತಿದ್ದರೆ ಅವು ಇಮ್ಮಡಿ ಹೊದಿಕೆಯವು, ಅರ್ಥಿಂಗ್ ಬೇಡ.

4. ಕರೆಂಟು ಹೋದಾಗ ಸ್ವಿಚ್ ಹಾಕಿಟ್ಟೇ ಎದ್ದು ಹೋಗಬಾರದು. ಪಂಪಿನ ಸ್ಟಾರ್ಟರಿನಲ್ಲಿ ನೋ-ವೋಲ್ಟ್ ಕಾಯಿಲು ಇರುವುದರಿಂದ ಅದು ತಾನೇ ಬೀಳುತ್ತದೆ. ಗ್ರೈಂಡರಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ; ಕರೆಂಟು ಬಂದ ಕೂಡಲೇ ತಿರುಗತೊಡಗುತ್ತದೆ.

5. ಕಣಿಕೆ, ಹೊಟ್ಟು, ಹತ್ತಿ, ಡೀಸೆಲ್ ಡಬ್ಬಿಗಳ ಹತ್ತಿರ ಗ್ರೈಂಡರ್ ಹಿಡಿಯಬಾರದು. ಅದರ ಕಿಡಿ ಬಹು ದೂರ ಹಾರುತ್ತದೆ. ಕಾವಲು ತೆಗೆದು ಓಡಿಸುವುದು, ಕನ್ನಡಕವಿಲ್ಲದೆ ಕತ್ತರಿಸುವುದು ಸಹ ಸಲ್ಲದು.

ಶಾಕ್ ಹೊಡೆದಾಗ

ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಅದಕ್ಕಿಂತ ಮುಂಚೆ ಮನುಷ್ಯನನ್ನು ಮುಟ್ಟಬಾರದು. ಸ್ವಿಚ್ ದೂರವಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಕಟ್ಟಿಗೆಯಿಂದ ತಂತಿಯನ್ನು ಸರಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ, ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು.

ಆರ್.ಸಿ.ಸಿ.ಬಿ. ಮತ್ತು ಒಳ್ಳೆಯ ಅರ್ಥಿಂಗಿಗೆ ತಗಲುವ ಖರ್ಚು ಒಂದೇ ಸಲದ್ದು. ಹೊಲ ಬಿರುಕು ಬಿಟ್ಟಾಗ ಬೆಳೆಯ ಬೇರು ಹರಿಯುತ್ತದೆ ಎಂದು ಎಡೆ ಹೊಡೆಯುವ ರೈತರು, ಅದೇ ಬಿರುಕು ಶೆಡ್ಡಿನ ಪಕ್ಕದಲ್ಲಿಯೂ ಇದೆ ಎಂಬುದನ್ನು ಮರೆಯದಿರಲಿ. ಈ ಬೇಸಿಗೆಯಲ್ಲಿ ಒಮ್ಮೆ ಹೊರಗೆ ಹೋಗಿ ಅರ್ಥಿಂಗ್ ಪೈಪಿನ ಬುಡ ನೋಡಿರಿ.