ಮಂಡ್ಯದ ರಾಗಿಗೆ ಆಫ್ರಿಕಾದ ನಂಟು

ರಾಗಿ ಹೂ ಬಿಡುವುದನ್ನು ಕಣ್ಣಾರೆ ಕಂಡವರು ರಾಗಿ ಬೆಳೆಯುವ ಊರುಗಳಲ್ಲೂ ಕಡಿಮೆ. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವ ಐದರೊಳಗೆ. ಮೊದಲು ತೆನೆಯ ತುದಿಯ ಹೂಗಳು, ಆಮೇಲೆ ದಿನಕ್ಕಿಷ್ಟರಂತೆ ಕೆಳಗಿನವು. ಒಂದು ತೆನೆ ಪೂರ್ತಿ ಅರಳಿ ಮುಗಿಯಲು ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ಹೂವೆಂದರೆ ಬಣ್ಣವಿಲ್ಲ, ಪರಿಮಳವಿಲ್ಲ. ಹೊಟ್ಟಿನ ಸಂದಿಯಲ್ಲಿ ಮೂರು ಪುಟ್ಟ ಪರಾಗಕೋಶ, ಎರಡು ಕವಲಿನ ಶಲಾಕಾಗ್ರ, ಅಷ್ಟೆ. ತನ್ನ ಪರಾಗ ತನಗೇ ಬಿದ್ದು ಕಾಳು ಕಟ್ಟುತ್ತದೆ. ಪಕ್ಕದ ಗಿಡದ ಪರಾಗ ತಾಗಿ ಕಾಳಾಗುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ರೈತನಿಗೆ ಇದರಿಂದ ಲಾಭವೇ. ಈ ವರ್ಷ ಕಣದಿಂದ ಎತ್ತಿಟ್ಟ ಬೀಜ ಮುಂದಿನ ವರ್ಷವೂ ಅದೇ ಗುಣದ ಬೆಳೆ ಕೊಡುತ್ತದೆ. ತಲೆನೋವೆಲ್ಲ ಹೊಸ ತಳಿ ಮಾಡಲು ಹೊರಟವರದು. ಎರಡು ತಳಿಗಳ ಒಳ್ಳೆಯ ಗುಣ ಒಂದರಲ್ಲೇ ಸಿಗಬೇಕಾದರೆ ಒಂದರ ಹೂವಿನಿಂದ ಪರಾಗಕೋಶ ತೆಗೆದು ಇನ್ನೊಂದರ ಪರಾಗ ಹಾಕಬೇಕು. ಮೆಕ್ಕೆಜೋಳದಲ್ಲಿ ಗಂಡು ಹೂ ತುದಿಯಲ್ಲಿ, ಹೆಣ್ಣು ಹೂ ನಡುವೆ; ತುದಿ ಕಿತ್ತರೆ ಕೆಲಸ ಮುಗಿಯಿತು. ರಾಗಿಯಲ್ಲಿ ಎಳ್ಳುಕಾಳಿನಷ್ಟಿರುವ ಹೂವನ್ನು ಬಿಡಿಸಿ ಚಿಮುಟ ಹಾಕಬೇಕು, ಅದೂ ಹೂ ಅರಳುವ ಮೊದಲೇ.

ಹಾಗಾಗಿ ಮೈಸೂರು ಸಂಸ್ಥಾನದಲ್ಲಿ ರಾಗಿ ಸಂಶೋಧನೆ ಶುರುವಾದದ್ದು ಆಯ್ಕೆಯಿಂದ. 1908ರಲ್ಲಿ ಇಲ್ಲಿಗೆ ಬಂದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಹೆಸರು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಪರಿಚಿತ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಕಲಿಸಿದವರು ಅವರೇ. ಅವರ ಕಾಲದಲ್ಲೇ ಬೆಂಗಳೂರಿನ ಹೆಬ್ಬಾಳದಲ್ಲಿ ರಾಗಿಯ ಕೆಲಸವೂ ನಡೆಯಿತು. ರೈತರ ಹೊಲದ ರಾಗಿಯಲ್ಲಿ ಬಗೆಬಗೆಯ ಗಿಡಗಳು ಬೆರೆತಿದ್ದವು. ಅವುಗಳಲ್ಲಿ ಚೆನ್ನಾದ ಒಂದೊಂದು ಗಿಡ ಆರಿಸಿ, ಅದರ ಬೀಜವನ್ನೇ ಬೇರೆ ಬಿತ್ತಿ, ಹೋಲಿಸಿ ನೋಡಿದರು. ಹೀಗೆ ಬಂದ ಎಚ್-22 ತಳಿ 1918ರಲ್ಲಿ ರೈತರ ಕೈ ಸೇರಿತು. ಆದರೆ ಆಯ್ಕೆಗೆ ಒಂದು ಮಿತಿಯಿದೆ. ಹೊಲದಲ್ಲಿ ಇರುವುದನ್ನು ಆರಿಸಬಹುದು, ಇಲ್ಲದ್ದನ್ನು ಎಲ್ಲಿಂದ ಆರಿಸುವುದು?

ಇಲ್ಲದ್ದನ್ನು ತಂದವರು ಸಿ.ಎಚ್. ಲಕ್ಷ್ಮಣಯ್ಯ. ಮೈಸೂರು ಜಿಲ್ಲೆಯ ಹಾರೋಹಳ್ಳಿಯವರು, 1921ರಲ್ಲಿ ಹುಟ್ಟಿದವರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿಯನ್ನೇ ಹಿಡಿದು ಕೂತರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಮೊದಲು ಇಲ್ಲಿನ ತಳಿಗಳನ್ನೇ ಒಂದಕ್ಕೊಂದು ಬೆರೆಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಅಲ್ಲಿಗೇ ನಿಂತಿದ್ದರೂ ಹೆಸರು ಉಳಿಯುತ್ತಿತ್ತು. ಅವರು ಆಫ್ರಿಕಾದ ಕಡೆ ನೋಡಿದರು.

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಇಥಿಯೋಪಿಯಾದಿಂದ ಉಗಾಂಡದವರೆಗೆ. ಸಾವಿರಾರು ವರ್ಷಗಳ ಹಿಂದೆಯೇ ಅದು ಭಾರತಕ್ಕೆ ಬಂದು ಇಲ್ಲಿನದೇ ಆಗಿಹೋಯಿತು. ಅಷ್ಟು ಕಾಲ ದೂರವಿದ್ದ ಎರಡು ಕಡೆಯ ರಾಗಿಗಳು ಬೇರೆ ಬೇರೆ ದಾರಿ ಹಿಡಿದಿದ್ದವು. ನಮ್ಮದು ಬೇಗ ಕೊಯ್ಲಿಗೆ ಬರುತ್ತದೆ, ತೆಂಡೆ ಹೆಚ್ಚು. ಅಲ್ಲಿನದಕ್ಕೆ ದಪ್ಪ ಕಾಂಡ, ಮುಷ್ಟಿ ಬಿಗಿದಂಥ ತೆನೆ, ದಪ್ಪ ಕಾಳು. ಆದರೆ ಮಾಗಲು ತಡ. ಎರಡನ್ನೂ ಕೂಡಿಸಿದರೆ?

ಕೂಡಿಸುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿಮುಟದ ಕೆಲಸ ಕಷ್ಟವೆಂದು ರಾಗಿ ತಜ್ಞರು ಬೇರೆ ಉಪಾಯಗಳನ್ನು ಕಂಡುಕೊಂಡಿದ್ದರು. ಒಂದು, ತೆನೆಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕೆಲವು ನಿಮಿಷ ಅದ್ದುವುದು. ಆ ಬಿಸಿಗೆ ಪರಾಗ ಸಾಯುತ್ತದೆ, ಹೆಣ್ಣು ಭಾಗ ಉಳಿಯುತ್ತದೆ. ಇನ್ನೊಂದು ಇನ್ನೂ ಸರಳ: ಎರಡು ತಳಿಗಳ ತೆನೆಗಳನ್ನು ಜೋಡಿಸಿ ಕಟ್ಟಿಬಿಡುವುದು. ಹೂ ಅರಳುವಾಗ ಪಕ್ಕದ ತೆನೆಯ ಪರಾಗ ಅಲ್ಲೊಂದು ಇಲ್ಲೊಂದು ಹೂವಿಗೆ ಸಿಕ್ಕರೆ ಸಿಕ್ಕೀತು. ಹಾಗೆ ಹುಟ್ಟಿದ ನಿಜವಾದ ಮಿಶ್ರ ಬೀಜ ಯಾವುದೆಂದು ತಿಳಿಯುವುದು ಹೇಗೆ? ಇದಕ್ಕೆ ಬಣ್ಣವೇ ಸಾಕ್ಷಿ. ಹೆಣ್ಣಾಗಿ ಹಸಿರು ಗಿಣ್ಣಿನ ತಳಿ, ಗಂಡಾಗಿ ನೇರಳೆ ಗಿಣ್ಣಿನ ತಳಿ ಇಟ್ಟುಕೊಳ್ಳುತ್ತಾರೆ. ನೇರಳೆ ಪ್ರಬಲ ಗುಣ. ಹಸಿರು ತಾಯಿಯ ಬೀಜ ಬಿತ್ತಿದಾಗ ಸಾಲಿನ ನಡುವೆ ಒಂದು ನೇರಳೆ ಗಿಡ ತಲೆಯೆತ್ತಿದರೆ ಅದೇ ಮಿಶ್ರ. ಉಪಕರಣ ಬೇಡ, ಕಣ್ಣು ಸಾಕು. ಇಷ್ಟು ಅಗ್ಗದ, ಇಷ್ಟು ಜಾಣತನದ ಪ್ರಯೋಗ ವಿಧಾನ ಹೆಚ್ಚಿಲ್ಲ.

ಅಸಲು ದುಡಿಮೆ ಅಲ್ಲಿಂದ ಮುಂದಿನದು. ಆ ಒಂದು ಗಿಡದ ಮಕ್ಕಳಲ್ಲಿ ಗುಣಗಳು ಚೆಲ್ಲಾಪಿಲ್ಲಿಯಾಗುತ್ತವೆ. ಕುಳ್ಳ, ಎತ್ತರ, ಬೇಗ ಮಾಗುವುದು, ತಡವಾಗಿ ಮಾಗುವುದು, ಬರೀ ಹುಲ್ಲಾಗುವುದು, ಎಲ್ಲ ಬೆರೆತ ಸಾವಿರಾರು ಗಿಡ. ಅವುಗಳಲ್ಲಿ ಆರಿಸುತ್ತ, ಮತ್ತೆ ಬಿತ್ತುತ್ತ ಆರೇಳು ತಲೆಮಾರು ಸಾಗಬೇಕು. ಮಂಡ್ಯದಲ್ಲಿ ನಾಲೆಯ ನೀರಿದ್ದುದರಿಂದ ಬೇಸಿಗೆ ಬೆಳೆಯನ್ನೂ ತೆಗೆಯಬಹುದಿತ್ತು, ಕಾಲ ಉಳಿಯಿತು. ಹಾಗೆ ಬಂದ ತಳಿಗಳಿಗೆ ಇಂಡಿಯಾ, ಆಫ್ರಿಕಾ ಎರಡನ್ನೂ ಸೇರಿಸಿ ‘ಇಂಡಾಫ್’ ಎಂದು ಹೆಸರಿಟ್ಟರು. ಮುಂಗಾರಿನ ಮೊದಲಲ್ಲೇ ಬಿತ್ತಲು ಇಂಡಾಫ್-8, ಹಿಂಗಾರಿನ ಚಳಿಗೆ ಇಂಡಾಫ್-7, ಬೇಗ ಕೊಯ್ಯಲು ಇಂಡಾಫ್-9. ಮಳೆ ಯಾವಾಗ ಬಂದರೂ ರೈತನಿಗೆ ಬಿತ್ತಲು ಒಂದು ತಳಿ ಇರಬೇಕೆಂಬ ಲೆಕ್ಕಾಚಾರ ಇದರಲ್ಲಿ ಕಾಣುತ್ತದೆ. ದಕ್ಷಿಣ ಕರ್ನಾಟಕದ ರಾಗಿ ಇಳುವರಿ ಏರಿದ್ದು ಈ ತಳಿಗಳಿಂದ. ಲಕ್ಷ್ಮಣಯ್ಯ 1993ರಲ್ಲಿ ತೀರಿಕೊಂಡರು.

ಇಂಡಾಫ್‌ಗೂ ದೌರ್ಬಲ್ಯವಿತ್ತು. ಎಲೆ, ತೆನೆಯ ಕುತ್ತಿಗೆ, ತೆನೆಯ ಬೆರಳುಗಳನ್ನು ಸುಡುವ ಬೆಂಕಿ ರೋಗಕ್ಕೆ ಅದು ಬಗ್ಗುತ್ತಿತ್ತು. ರೋಗ ತಡೆಯುವ ಗುಣ ಸಿಕ್ಕಿದ್ದೂ ಆಫ್ರಿಕಾ ಮೂಲದ ಸಂಗ್ರಹದಲ್ಲೇ. ಐಇ 1012 ಎಂಬ ತಳಿಯನ್ನು ಇಂಡಾಫ್ ತಳಿಗಳ ಜೊತೆ ಬೆರೆಸಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ತೆಗೆದ ಜಿಪಿಯು-28, 1990ರ ದಶಕದ ಕೊನೆಯಲ್ಲಿ ಹೊಲಕ್ಕಿಳಿದು ರೈತರ ಅಚ್ಚುಮೆಚ್ಚಾಯಿತು. 2017ರಲ್ಲಿ ಅದೇ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಎಂಎಲ್-365 ತಳಿಯ ಜೀನೋಮ್ ಓದಿ ಪ್ರಕಟಿಸಿದರು. 85 ಸಾವಿರಕ್ಕೂ ಹೆಚ್ಚು ವಂಶವಾಹಿಗಳನ್ನು ಗುರುತಿಸಿದರು. ರಾಗಿಯ ವರ್ಣತಂತುಗಳು 36, ಎರಡು ಬೇರೆ ಹುಲ್ಲುಗಳಿಂದ ಬಂದವು. ಒಂದು, ನಮ್ಮ ಬದುಗಳಲ್ಲೂ ಕಳೆಯಾಗಿ ಬೆಳೆಯುವ, ರಾಗಿಯ ಹಾಗೇ ಕಾಣುವ ಹುಲ್ಲಿನ ವಂಶದ್ದು. ಇನ್ನೊಂದರ ಗುರುತು ಖಚಿತವಾಗಿಲ್ಲ.

2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಲ್ಲಿ ರಾಗಿಯ ಕ್ಯಾಲ್ಸಿಯಂ ಬಗ್ಗೆ ಎಷ್ಟೊಂದು ಭಾಷಣಗಳಾದವು. ಬೀಜದ ಮಾತು ಕಡಿಮೆ. ಮನೆಯಲ್ಲೇ ಬೀಜ ಎತ್ತಿಡಬಹುದಾದ ಬೆಳೆಯಲ್ಲಿ ಬೀಜದ ಕಂಪನಿಗೆ ವರ್ಷವರ್ಷವೂ ವ್ಯಾಪಾರವಿಲ್ಲ. ಹೊಸ ತಳಿ ತೆಗೆಯುವ ಕೆಲಸವನ್ನು ಸರ್ಕಾರಿ ಫಾರಂಗಳೂ ಕೃಷಿ ವಿಶ್ವವಿದ್ಯಾಲಯಗಳೂ ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ. ಇನ್ನೊಂದು ಭಯವೂ ಇದೆ. ಹೊಸ ತಳಿ ಹಬ್ಬಿದಂತೆ ಹುಲ್ಲುಬಿಳಿಯ, ದೊಡ್ಡರಾಗಿ, ಜೇನುಮುದ್ದೆಯಂಥ ಹಳೆಯವು ಹೊಲ ಬಿಟ್ಟವು. ನಾಳೆಯ ರೋಗಕ್ಕೆ ಬೇಕಾದ ಗುಣ ಅವುಗಳಲ್ಲೊಂದರಲ್ಲಿ ಇರಬಹುದು. ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜಿಯ ಗಡಿಗೆಯಲ್ಲಿ ಅಂಥ ರಾಗಿ ಒಂದು ಹಿಡಿ ಉಳಿದಿದ್ದರೆ ಮೊದಲು ಒಂದು ಪಾತಿಯಲ್ಲಿ ಬಿತ್ತಿ ಬೀಜ ಹೆಚ್ಚಿಸಿಕೊಳ್ಳಿ. ಆಮೇಲೆ ಹೆಸರು, ಊರು ಬರೆದು ಮಂಡ್ಯಕ್ಕೋ ಜಿಕೆವಿಕೆಗೋ ಒಂದಿಷ್ಟು ತಲುಪಿಸಿ.