ತಂಡಕ್ಕಿಂತ ಮೊದಲೇ ಬಂದ ಪ್ರೇಕ್ಷಕರು

ಅಮೆರಿಕದ ಅಯೋವಾ ರಾಜ್ಯದಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ನೋಡಲು ಜನ ಸೇರುವ ರೂಢಿಗೆ ನೂರು ವರ್ಷ ದಾಟಿದೆ. ಅಯೋವಾ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಅದರ ಅರ್ಧದಷ್ಟೇ ವಯಸ್ಸು. 2023 ಮತ್ತು 2024ರಲ್ಲಿ ಆ ತಂಡ ಸತತ ಎರಡು ಸಲ ರಾಷ್ಟ್ರೀಯ ಫೈನಲ್ ತಲುಪಿತು. ಆಗ ಎಲ್ಲೆಡೆ ಕೇಳಿಬಂದ ಮಾತೆಂದರೆ, ಇಷ್ಟೆಲ್ಲ ಜನರನ್ನು ಕ್ರೀಡಾಂಗಣಕ್ಕೆ ಕರೆತಂದದ್ದು ಕೇಟ್ಲಿನ್ ಕ್ಲಾರ್ಕ್ ಎಂಬ ಒಬ್ಬ ಆಟಗಾರ್ತಿ ಎಂದು. ಕ್ಲಾರ್ಕ್ ಅಸಾಧಾರಣ ಆಟಗಾರ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕೆಯನ್ನು ನೋಡಲು ಬಂದವರಲ್ಲಿ ಎಷ್ಟೋ ಮಂದಿ ಆಕೆ ಹುಟ್ಟುವುದಕ್ಕೆ ಮೊದಲೇ ಈ ಆಟಕ್ಕೆ ಮನಸೋತವರು. ಅವರಲ್ಲಿ ತಲೆ ನರೆತ ಹೆಂಗಸರು ಬಹಳ, ಸ್ವತಃ ಆಡಿ ಬೆಳೆದವರೂ ಉಂಟು. ಅವರು ಆಡಿದ್ದ ಆಟ ಮಾತ್ರ ಬೇರೆ.

ಅದಕ್ಕೆ ಸಿಕ್ಸ್-ಆನ್-ಸಿಕ್ಸ್ ಎಂದು ಹೆಸರು. ತಂಡಕ್ಕೆ ಐವರ ಬದಲು ಆರು ಮಂದಿ. ಅಂಕಣದ ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಮೂವರು ಫಾರ್ವರ್ಡ್‌ಗಳು ಒಂದು ಬದಿಯಲ್ಲಿ, ಮೂವರು ಗಾರ್ಡ್‌ಗಳು ಇನ್ನೊಂದು ಬದಿಯಲ್ಲಿ. ಚೆಂಡನ್ನು ಎರಡೇ ಸಲ ನೆಲಕ್ಕೆ ಬಡಿಯಬಹುದು, ಆಮೇಲೆ ಪಾಸ್ ಕೊಡಬೇಕು ಇಲ್ಲವೇ ಬುಟ್ಟಿಗೆ ಎಸೆಯಬೇಕು. ಬುಟ್ಟಿಗೆ ಎಸೆಯುವುದು ಫಾರ್ವರ್ಡ್‌ಗಳ ಪಾಲಿಗಷ್ಟೇ. ಹೀಗಾಗಿ ಗಾರ್ಡ್ ಆಗಿ ನಿಂತ ಹುಡುಗಿ ಶಾಲೆಯ ನಾಲ್ಕೂ ವರ್ಷ ಆಡಿದರೂ ಅವಳ ಹೆಸರಿನಲ್ಲಿ ಒಂದು ಅಂಕವೂ ಇರುತ್ತಿರಲಿಲ್ಲ. ಹೆಣ್ಣಿನ ದೇಹ ಉದ್ದಕ್ಕೂ ಓಡುವ ಶ್ರಮವನ್ನು ತಾಳದು ಎಂಬ ಹಳೆಯ ನಂಬಿಕೆಯಿಂದ ಬಂದ ನಿಯಮಗಳಿವು. ಆ ಕಟ್ಟುಪಾಡಿನೊಳಗೇ ಅಯೋವಾದ ಹಳ್ಳಿ ಹುಡುಗಿಯರು ಕಣ್ಣು ಮಿಟುಕಿಸುವಷ್ಟರಲ್ಲಿ ಪಾಸ್ ಕೊಟ್ಟು, ತಿರುಗಿ, ಎಸೆಯುವ ವೇಗದ ಆಟವೊಂದನ್ನು ಕಟ್ಟಿದರು.

ರಾಜ್ಯಮಟ್ಟದ ಮೊದಲ ಟೂರ್ನಿ ನಡೆದದ್ದು 1920ರಲ್ಲಿ. 1925ರಲ್ಲಿ ರಾಜ್ಯದ ಶಾಲಾ ಕ್ರೀಡಾಸಂಘ ಹೆಣ್ಣುಮಕ್ಕಳ ಟೂರ್ನಿಯನ್ನು ಕೈಬಿಡಲು ತೀರ್ಮಾನಿಸಿತು. ಅದನ್ನು ಒಪ್ಪದ ಸಣ್ಣ ಊರುಗಳ ಶಾಲಾ ಮುಖ್ಯಸ್ಥರು ಹೊರಬಂದು, ಹುಡುಗಿಯರಿಗೆಂದೇ ಬೇರೆ ಒಕ್ಕೂಟ ಕಟ್ಟಿದರು. ದೊಡ್ಡ ಪಟ್ಟಣಗಳ ಶಾಲೆಗಳು ಬಹುಕಾಲ ಇತ್ತ ತಲೆ ಹಾಕಲಿಲ್ಲ. ಮೆಕ್ಕೆಜೋಳ ಬೆಳೆಯುವ, ಹಂದಿ ಸಾಕುವ ಊರುಗಳೇ ಈ ಆಟವನ್ನು ಕಾಪಾಡಿದವು. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲ, ಸಂಜೆ ಹೋಗಲು ಬೇರೆ ಜಾಗವೂ ಇಲ್ಲ. ಊರಿಗೆ ಊರೇ ಶಾಲೆಯ ಜಿಮ್‌ಗೆ ಬರುತ್ತಿತ್ತು. ಮಾರ್ಚ್ ಬಂತೆಂದರೆ ರಾಜಧಾನಿ ಡಿಮೊಯ್ನ್‌ನಲ್ಲಿ ರಾಜ್ಯ ಟೂರ್ನಿ. ಚಳಿಗಾಲವಿಡೀ ಗೆಲ್ಲುತ್ತ ಬಂದು ಮಾರ್ಚ್ ಹೊತ್ತಿಗೆ ದೊಡ್ಡ ಅಂಕಣದಲ್ಲಿ ನಿಲ್ಲಬೇಕೆಂಬ ಆಸೆ ಈ ಜನರಿಗೆ ಅಲ್ಲಿಂದಲೇ ಅಂಟಿದ್ದು.

1968ರ ಫೈನಲ್ ಅನ್ನು ಅಯೋವಾದ ಹಿರಿಯರು ಈಗಲೂ ಮರೆತಿಲ್ಲ. ಯೂನಿಯನ್-ವಿಟನ್ ಶಾಲೆಯ ಡೆನಿಸ್ ಲಾಂಗ್ ಒಂದು ಕಡೆ, ಎವರ್ಲಿ ಶಾಲೆಯ ಜನೆಟ್ ಓಲ್ಸನ್ ಇನ್ನೊಂದು ಕಡೆ. ಆಟ ಹೆಚ್ಚುವರಿ ಅವಧಿಗೆ ಹೋಯಿತು. ಓಲ್ಸನ್ 76 ಅಂಕ ಗಳಿಸಿಯೂ ಸೋತಳು, 64 ಗಳಿಸಿದ ಲಾಂಗ್ ಗೆದ್ದಳು. ಒಟ್ಟು ಅಂಕ 113-107. ಅದೇ ಟೂರ್ನಿಯ ಮೊದಲ ಸುತ್ತಿನ ಪಂದ್ಯದಲ್ಲಿ ಲಾಂಗ್ ಒಬ್ಬಳೇ 93 ಅಂಕ ಹೊಡೆದಿದ್ದಳು. ಮರುವರ್ಷ ಪುರುಷರ ವೃತ್ತಿಪರ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ಡ್ರಾಫ್ಟ್‌ನಲ್ಲಿ ಆಕೆಯ ಹೆಸರು ಕೂಗಿತು. ಲೀಗ್‌ನ ಮುಖ್ಯಸ್ಥರು ಆ ಆಯ್ಕೆಯನ್ನು ರದ್ದು ಮಾಡಿದರು. ರಾಜ್ಯವೇ ಗುರುತಿಸುತ್ತಿದ್ದ ಹುಡುಗಿಗೆ ಶಾಲೆ ಮುಗಿದ ಮೇಲೆ ಆಡಲು ಹೇಳಿಕೊಳ್ಳುವಂಥ ಅಂಕಣವೇ ಇರಲಿಲ್ಲ. ಪ್ರೇಕ್ಷಕರಿದ್ದರು, ಅವರು ಮುಂದೆ ಹಿಂಬಾಲಿಸಲು ಒಂದು ತಂಡವಿರಲಿಲ್ಲ.

ಆ ತಂಡಕ್ಕೆ ದಾರಿಯಾದದ್ದು 1972ರ ಟೈಟಲ್ ನೈನ್ ಕಾನೂನು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗಭೇದ ಮಾಡುವಂತಿಲ್ಲ ಎಂದು ಅದು ಹೇಳಿತು. ಮರುವರ್ಷ ಅಯೋವಾ ವಿಶ್ವವಿದ್ಯಾಲಯ ಮಹಿಳಾ ಕ್ರೀಡೆಗೆ ಪ್ರತ್ಯೇಕ ವಿಭಾಗ ತೆರೆದು ಕ್ರಿಸ್ಟೀನ್ ಗ್ರ್ಯಾಂಟ್ ಅವರ ಕೈಗೆ ಕೊಟ್ಟಿತು. ಗ್ರ್ಯಾಂಟ್ ಸ್ಕಾಟ್ಲೆಂಡಿನವರು, ಹಾಕಿ ಕಲಿಸುತ್ತಿದ್ದವರು, ಹೆಚ್ಚಿನ ಓದಿಗೆಂದು ಅಯೋವಾಕ್ಕೆ ಬಂದು ಅಲ್ಲೇ ನಿಂತವರು. ಆಗ ಕಾಲೇಜು ಮಹಿಳೆಯರ ಕ್ರೀಡೆಯನ್ನು ಮಹಿಳೆಯರೇ ಕಟ್ಟಿದ್ದ ಎಐಎಡಬ್ಲ್ಯು ಎಂಬ ಸಂಘಟನೆ ನಡೆಸುತ್ತಿತ್ತು. ಗ್ರ್ಯಾಂಟ್ ಅದರ ಅಧ್ಯಕ್ಷರೂ ಆದರು. ಪುರುಷರ ಕ್ರೀಡೆಯನ್ನು ನಡೆಸುತ್ತಿದ್ದ ಎನ್‌ಸಿಎಎ 1981-82ರಲ್ಲಿ ಮಹಿಳೆಯರ ಚಾಂಪಿಯನ್‌ಷಿಪ್ ಆರಂಭಿಸಿತು. ಹಣ, ಟಿವಿ ಎಲ್ಲವೂ ಅದರ ಬಳಿ ಇದ್ದವು. ಎಐಎಡಬ್ಲ್ಯು ಕೋರ್ಟಿಗೆ ಹೋಗಿಯೂ ಉಳಿಯಲಿಲ್ಲ. ಆ ಸಂಘಟನೆಯ ಕಾಲದಲ್ಲಿ ಹುಡುಗಿಯರು ಗಳಿಸಿದ ಅಂಕಗಳನ್ನು ಎನ್‌ಸಿಎಎ ತನ್ನ ದಾಖಲೆ ಪುಸ್ತಕಕ್ಕೆ ಸೇರಿಸಿಕೊಳ್ಳಲಿಲ್ಲ. ಈ ಅನ್ಯಾಯದ ಮಾತು ನಲವತ್ತು ವರ್ಷದ ನಂತರ ಮತ್ತೆ ಬರಲಿದೆ.

1983ರಲ್ಲಿ ಗ್ರ್ಯಾಂಟ್ ಕರೆತಂದ ಕೋಚ್ ವಿವಿಯನ್ ಸ್ಟ್ರಿಂಗರ್. ಪೆನ್ಸಿಲ್ವೇನಿಯಾದ ಚೇನಿ ಎಂಬ ಪುಟ್ಟ ಕಪ್ಪುವರ್ಣೀಯರ ಕಾಲೇಜನ್ನು 1982ರ ಮೊದಲ ಎನ್‌ಸಿಎಎ ಫೈನಲ್‌ವರೆಗೆ ಒಯ್ದವರು ಅವರು. ಅಯೋವಾ ತಂಡ ಆಗ ಸೋಲುಗಳಲ್ಲಿ ಮುಳುಗಿತ್ತು. ಹೊಸದಾಗಿ ಕಟ್ಟಿದ ಕಾರ್ವರ್-ಹಾಕೈ ಕ್ರೀಡಾಂಗಣ ಗುಡ್ಡದ ಇಳಿಜಾರಿನಲ್ಲಿ ನೆಲದೊಳಕ್ಕೆ ಇಳಿದಂತಿದೆ: ಬಾಗಿಲು ಮೇಲೆ, ಆಟದ ಅಂಕಣ ಕೆಳಗೆ ಆಳದಲ್ಲಿ. ಒಳಗೆ ಕಾಲಿಟ್ಟವರು ಮೆಟ್ಟಿಲು ಹತ್ತುವುದಿಲ್ಲ, ಬಾವಿಗೆ ಇಳಿದಂತೆ ಇಳಿಯುತ್ತಾರೆ. ಖಾಲಿ ಇದ್ದರೆ ಅಷ್ಟೂ ಆಸನಗಳು ಮೇಲೆ ನಿಂತವರ ಕಣ್ಣಿಗೆ ಒಮ್ಮೆಲೇ ಬೀಳುತ್ತವೆ. ಇದನ್ನು ತುಂಬಿಸುವುದೇ ಸ್ಟ್ರಿಂಗರ್ ಮತ್ತು ಗ್ರ್ಯಾಂಟ್ ಹೂಡಿದ ಪಣವಾಯಿತು.

1985ರ ಫೆಬ್ರುವರಿ 3, ಭಾನುವಾರ. ಎದುರಾಳಿ ಓಹಾಯೊ ಸ್ಟೇಟ್. ಮಹಿಳಾ ಬಾಸ್ಕೆಟ್‌ಬಾಲ್‌ನ ಪ್ರೇಕ್ಷಕರ ದಾಖಲೆ ಮುರಿಯೋಣ ಬನ್ನಿ ಎಂದು ಮೊದಲೇ ಸಾರಲಾಗಿತ್ತು. ಜನ ಮಾತು ಕೇಳಿದರು. ಅಯೋವಾ ಸಿಟಿಗೆ ಬರುವ ರಸ್ತೆಗಳಲ್ಲಿ ವಾಹನಗಳು ಸಾಲುಗಟ್ಟಿದವು. ಸುಮಾರು 15,500 ಆಸನಗಳ ಕ್ರೀಡಾಂಗಣ ಭರ್ತಿಯಾದ ಮೇಲೂ ಬಾಗಿಲಲ್ಲಿ ಜನ ಕರಗಲಿಲ್ಲ. ದೂರದ ಊರುಗಳಿಂದ ಮಂಜಿನ ಕಾಲದಲ್ಲಿ ಬಂದವರನ್ನು ಹಿಂದಕ್ಕೆ ಕಳಿಸುವುದು ಹೇಗೆ? ಒಳಗೆ ಬಿಟ್ಟರು. ಅವರು ಮೆಟ್ಟಿಲ ಮೇಲೆ ಕೂತರು, ಓಡಾಡುವ ದಾರಿಯಲ್ಲಿ ಕೂತರು, ಮೇಲಿನ ಸುತ್ತಿನಲ್ಲಿ ಒಬ್ಬರ ಹಿಂದೊಬ್ಬರು ನಿಂತರು. ಲೆಕ್ಕ ಹಾಕಿದಾಗ ಒಳಗಿದ್ದವರು 22,157 ಮಂದಿ. ಅಷ್ಟು ಜನ ಅಲ್ಲಿಯವರೆಗೆ ಕಾಲೇಜು ಮಹಿಳೆಯರ ಯಾವ ಪಂದ್ಯಕ್ಕೂ ಸೇರಿರಲಿಲ್ಲ. ಅಗ್ನಿ ಸುರಕ್ಷತೆಯ ನಿಯಮ ಮೀರಿದ್ದಕ್ಕೆ ಛೀಮಾರಿ ಬಂತು. ತಮ್ಮ ಬದುಕಿನಲ್ಲಿ ಹೆಮ್ಮೆ ತಂದ ಛೀಮಾರಿ ಅದು ಎಂಬಂತೆಯೇ ಗ್ರ್ಯಾಂಟ್ ಮುಂದೆ ನೆನೆಯುತ್ತಿದ್ದರು. ಪಂದ್ಯವನ್ನು ಅಯೋವಾ 56-47ರಿಂದ ಸೋತಿತು.

ಸೋತರೂ ಜನ ಬರುವುದನ್ನು ಬಿಡಲಿಲ್ಲ ಎಂಬುದೇ ಈ ಕಥೆಯ ತಿರುಳು. 1988ರ ಜನವರಿ ಕೊನೆಯಲ್ಲಿ ಅದೇ ಓಹಾಯೊ ಸ್ಟೇಟ್ ಮತ್ತೆ ಬಂದಾಗ ಟಿಕೆಟ್‌ಗಳೆಲ್ಲ ಪಂದ್ಯಕ್ಕೆ ಮೊದಲೇ ಖರ್ಚಾಗಿದ್ದವು. ಮಿಶೆಲ್ ಎಡ್ವರ್ಡ್ಸ್ ಆಡುತ್ತಿದ್ದ ಅಯೋವಾ ತಂಡ ಆ ಋತುವಿನಲ್ಲಿ ದೇಶದ ಮೊದಲ ಸ್ಥಾನಕ್ಕೂ ಏರಿತ್ತು.

1993ರ ವಸಂತದಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. 1992ರ ನವೆಂಬರಿನಲ್ಲಿ ಸ್ಟ್ರಿಂಗರ್ ಅವರ ಪತಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಆ ದುಃಖ ಹೊತ್ತೇ ಅವರು ತಂಡವನ್ನು ಮೊದಲ ಬಾರಿಗೆ ರಾಷ್ಟ್ರೀಯ ಸೆಮಿಫೈನಲ್‌ಗೆ, ಫೈನಲ್ ಫೋರ್ ಎನ್ನುವ ಹಂತಕ್ಕೆ, ಒಯ್ದರು. ಅಟ್ಲಾಂಟಾದಲ್ಲಿ ಎದುರು ನಿಂತದ್ದು ಮತ್ತೆ ಓಹಾಯೊ ಸ್ಟೇಟ್. ಹೆಚ್ಚುವರಿ ಅವಧಿಯಲ್ಲಿ ಒಂದೇ ಅಂಕದಿಂದ, 73-72ರಿಂದ, ಅಯೋವಾ ಸೋತಿತು. ಅದಕ್ಕೆ ತುಸು ಮುಂಚೆ ಡಿಮೊಯ್ನ್‌ನಲ್ಲಿ ಕೊನೆಯ ಸಿಕ್ಸ್-ಆನ್-ಸಿಕ್ಸ್ ಟೂರ್ನಿ ಮುಗಿದಿತ್ತು. ದೊಡ್ಡ ಶಾಲೆಗಳು 1985ರಿಂದಲೇ ಐವರ ಆಟಕ್ಕೆ ಬದಲಾಗಿದ್ದವು. ಕಾಲೇಜಿಗೆ ಹೋಗಿ ಆಡಬೇಕೆಂಬ ಹುಡುಗಿಯರಿಗೆ ಅರ್ಧ ಅಂಕಣದ ಆಟ ಅಡ್ಡಿಯೇ ಆಗಿತ್ತು. ಬದಲಾವಣೆ ಬೇಕಾಗಿತ್ತು ನಿಜ, ಆದರೂ ಅದರೊಂದಿಗೆ ಸಣ್ಣ ಊರುಗಳ ಹೆಸರು ರಾಜ್ಯದ ಬಾಯಲ್ಲಿ ಕುಣಿಯುವ ಕಾಲವೂ ಹೋಯಿತು. ಊರುಗಳು ಬಡವಾದವು, ಶಾಲೆಗಳು ಒಂದರೊಳಗೊಂದು ಕರಗಿದವು. ಆ ಆಟದ ನೆನಪು ಉಳಿದದ್ದು ಅದನ್ನು ಆಡಿದವರಲ್ಲಿ.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. 1995ರಲ್ಲಿ ಸ್ಟ್ರಿಂಗರ್ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಹೋದರು. 2000ದಲ್ಲಿ ಗ್ರ್ಯಾಂಟ್ ನಿವೃತ್ತರಾದೊಡನೆ ಮಹಿಳಾ ವಿಭಾಗವನ್ನು ಪುರುಷರ ವಿಭಾಗದೊಂದಿಗೆ ಸೇರಿಸಲಾಯಿತು. ಅದೇ ವರ್ಷ ಕೋಚ್ ಆಗಿ ಬಂದ ಲೀಸಾ ಬ್ಲೂಡರ್ ಅಯೋವಾದವರೇ, ಸಿಕ್ಸ್-ಆನ್-ಸಿಕ್ಸ್ ಆಡಿ ಬೆಳೆದವರು. ಅವರ ಜೊತೆ ಬಂದ ಸಹಾಯಕ ಕೋಚ್ ಜಾನ್ ಜೆನ್ಸನ್ ಶಾಲೆಯ ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 66 ಅಂಕ ಹೊಡೆದ ಫಾರ್ವರ್ಡ್. ಜೆನ್ಸನ್ ಅಜ್ಜಿ 1921ರಲ್ಲಿ ರಾಜ್ಯ ಟೂರ್ನಿ ಗೆದ್ದ ಆಡಬನ್ ತಂಡದವರು. ತಂಡ ಆಗಾಗ ಗೆಲ್ಲುತ್ತಿತ್ತು, ಆಸನಗಳು ಮಾತ್ರ ಮೊದಲಿನಂತೆ ತುಂಬುತ್ತಿರಲಿಲ್ಲ.

ಇಲ್ಲಿ ಟೂರ್ನಿಯ ಕ್ರಮ ಗೊತ್ತಿರಬೇಕು. ನವೆಂಬರಿನಿಂದ ಮಾರ್ಚ್ ಆರಂಭದವರೆಗೆ ಬಿಗ್ ಟೆನ್ ಲೀಗ್ ಮತ್ತು ಇತರ ಪಂದ್ಯಗಳು; ಆಮೇಲೆ ಲೀಗ್‌ನ ಸ್ವಂತ ಟೂರ್ನಿ; ಕೊನೆಗೆ ದೇಶದ 68 ತಂಡಗಳ ಎನ್‌ಸಿಎಎ ನಾಕೌಟ್, 2022ಕ್ಕೆ ಮೊದಲು 64. ಸೋತವರು ಮನೆಗೆ. ಅಗ್ರ 16 ತಂಡಗಳಿಗೆ ಮೊದಲೆರಡು ಸುತ್ತು ತಮ್ಮ ಊರಿನಲ್ಲೇ ಆಡುವ ಹಕ್ಕು ಸಿಗುತ್ತದೆ. ಹಾಗಾಗಿ ಅಭಿಮಾನಿಗಳು ಡಿಸೆಂಬರಿನ ಸಣ್ಣ ಪಂದ್ಯದ ಗೆಲುವನ್ನೂ ಮಾರ್ಚ್ ಲೆಕ್ಕದಲ್ಲೇ ನೋಡುತ್ತಾರೆ: ನಮ್ಮೂರಿಗೆ ಪಂದ್ಯ ಬರುತ್ತದೋ ಇಲ್ಲವೋ.

2019ರಲ್ಲಿ ಅದು ಬಂತು. ವಿಸ್ಕಾನ್ಸಿನ್‌ನ ಪೋರ್ಟ್ ವಿಂಗ್ ಎಂಬ ಕುಗ್ರಾಮದ ಮೆಗನ್ ಗುಸ್ತಾಫ್ಸನ್ ಬುಟ್ಟಿಯ ಕೆಳಗೆ ನಿಂತು ಆಡಿದ ಶಾಂತ ಆಟ ತಂಡವನ್ನು ಕೊನೆಯ ಎಂಟರ ಘಟ್ಟಕ್ಕೆ ತಲುಪಿಸಿತು. ಮರಳಿದ ಹಳೆಯ ಪ್ರೇಕ್ಷಕರಲ್ಲಿ ಅನೇಕರು ಬಂದದ್ದು ಆಕೆಗಾಗಿ. ಮುಂದಿನ ಗದ್ದಲದಲ್ಲಿ ಆಕೆಗೆ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲ. 2020ರಲ್ಲಿ ಕೊರೊನಾದಿಂದ ಟೂರ್ನಿಯೇ ರದ್ದಾಯಿತು. ಆ ವರ್ಷದ ಕೊನೆಗೆ ಕ್ಲಾರ್ಕ್ ಆಡಲು ಶುರುಮಾಡಿದಾಗ ಗ್ಯಾಲರಿಗಳು ಖಾಲಿ. 2022ರಲ್ಲಿ ತವರಿನ ಎರಡನೆಯ ಸುತ್ತಿನಲ್ಲೇ ಕ್ರೈಟನ್ ಎದುರು 64-62ರ ಸೋಲು. ಕೊನೆಯ ಕ್ಷಣಗಳಲ್ಲಿ ಮೂರು ಅಂಕದ ಹೊಡೆತದಿಂದ ಅಯೋವಾವನ್ನು ಹಿಂದಿಕ್ಕಿದವಳು ಹಿಂದಿನ ವರ್ಷ ಅಯೋವಾದಲ್ಲೇ ಆಡಿದ್ದ ಲಾರೆನ್ ಜೆನ್ಸನ್.

ಅದಾದ ಮೇಲಿನ ಎರಡು ವರ್ಷ ಎಲ್ಲರಿಗೂ ಗೊತ್ತಿರುವಂಥವು. 2023ರಲ್ಲಿ ಬಿಗ್ ಟೆನ್ ಫೈನಲ್‌ನಲ್ಲಿ ಓಹಾಯೊ ಸ್ಟೇಟ್ ವಿರುದ್ಧ 105-72. ಮೂವತ್ತು ವರ್ಷದ ನಂತರ ಫೈನಲ್ ಫೋರ್. ಅಲ್ಲಿ ಅಜೇಯ ಸೌತ್ ಕ್ಯಾರೊಲೈನಾ ವಿರುದ್ಧ 77-73ರ ಗೆಲುವು, ಅದರಲ್ಲಿ ಕ್ಲಾರ್ಕ್ ಪಾಲು 41. ಫೈನಲ್‌ನಲ್ಲಿ ಎಲ್‌ಎಸ್‌ಯು ಎದುರು ಸೋಲು. ಆ ಅಕ್ಟೋಬರ್ 15ರಂದು ಕಿನಿಕ್ ಫುಟ್‌ಬಾಲ್ ಮೈದಾನದಲ್ಲಿ ಮರದ ಅಂಕಣ ಹಾಸಿ, ಬಯಲಿನ ಗಾಳಿಯಲ್ಲಿ ಡಿಪಾಲ್ ವಿರುದ್ಧ ಪ್ರದರ್ಶನ ಪಂದ್ಯ ಆಡಿದರು. ಬಂದವರು 55,646 ಮಂದಿ. ಹಿಂದಿನ ದಾಖಲೆ, 2002ರ ಫೈನಲ್‌ನದು, 29,619.

2024ರ ಮಾರ್ಚ್ 3ರಂದು ಕಾರ್ವರ್‌ನಲ್ಲಿ ಋತುವಿನ ಕೊನೆಯ ಲೀಗ್ ಪಂದ್ಯ, ಎದುರು ಓಹಾಯೊ ಸ್ಟೇಟ್. ಫೆಬ್ರುವರಿಯಲ್ಲೇ ಕ್ಲಾರ್ಕ್ ಎನ್‌ಸಿಎಎ ಮಹಿಳೆಯರ ಅಂಕದಾಖಲೆ ಮುರಿದಿದ್ದರು. ಆದರೆ ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ 1981ರ ಹೊತ್ತಿಗೇ 3,649 ಅಂಕ ಗಳಿಸಿದ್ದರು, ಪುರುಷರ ಅಳತೆಯ ಚೆಂಡಿನಲ್ಲಿ, ಮೂರು ಅಂಕದ ಗೆರೆಯೇ ಇಲ್ಲದ ಕಾಲದಲ್ಲಿ. ಎಐಎಡಬ್ಲ್ಯು ಕಾಲದ್ದೆಂಬ ಕಾರಣಕ್ಕೆ ಅದು ಅಧಿಕೃತ ಪುಸ್ತಕದಲ್ಲಿರಲಿಲ್ಲ. ಕ್ಲಾರ್ಕ್ ಅದನ್ನೂ ದಾಟಿದ ಮೇಲೆ, ಆ ಭಾನುವಾರ ವುಡರ್ಡ್ ಕಾರ್ವರ್‌ಗೆ ಬಂದು ಕೂತಿದ್ದರು. ಉಳಿದದ್ದು ಪುರುಷರಲ್ಲಿ ಪೀಟ್ ಮಾರವಿಚ್ ಹೆಸರಲ್ಲಿದ್ದ 3,667. ಮೊದಲರ್ಧ ಮುಗಿಯುವ ಹೊತ್ತಿಗೆ ಎದುರು ತಂಡದ ಮೇಲೆ ಟೆಕ್ನಿಕಲ್ ಫೌಲ್ ಕೊಟ್ಟರು. ಕ್ಲಾರ್ಕ್ ಗೆರೆಯ ಹಿಂದೆ ಒಬ್ಬರೇ ನಿಂತು, ಯಾರ ಅಡ್ಡಿಯೂ ಇಲ್ಲದೆ, ಎರಡು ಚೆಂಡು ಎಸೆದರು. ಎರಡೂ ಬುಟ್ಟಿಗೆ ಬಿದ್ದವು, ದಾಖಲೆ ದಾಟಿತು. ಪಂದ್ಯ 93-83ರಿಂದ ಅಯೋವಾ ಪಾಲಾಯಿತು.

ಆ ಏಪ್ರಿಲ್‌ನ ಫೈನಲ್‌ನಲ್ಲಿ ಸೌತ್ ಕ್ಯಾರೊಲೈನಾ 87-75ರಿಂದ ಗೆದ್ದಿತು. ಅದನ್ನು ಟಿವಿಯಲ್ಲಿ ನೋಡಿದವರು ಸುಮಾರು 1.89 ಕೋಟಿ, ಪುರುಷರ ಫೈನಲ್ ನೋಡಿದವರಿಗಿಂತ ಹೆಚ್ಚು. ಗ್ರ್ಯಾಂಟ್ ಇದನ್ನು ನೋಡಲು ಇರಲಿಲ್ಲ. 2021ರ ಡಿಸೆಂಬರ್ 31ರಂದು ಅವರು ತೀರಿಕೊಂಡಿದ್ದರು. ಕ್ಲಾರ್ಕ್ ವೃತ್ತಿಪರ ಲೀಗ್‌ಗೆ ಹೋದರು, ಬ್ಲೂಡರ್ ನಿವೃತ್ತರಾದರು, ಜಾನ್ ಜೆನ್ಸನ್ ಮುಖ್ಯ ಕೋಚ್ ಆದರು. ಇನ್ನು ಜನ ಬರುವುದಿಲ್ಲ ಎಂದವರಿದ್ದರು. ಮರು ಋತುವಿನ ಟಿಕೆಟ್‌ಗಳೂ ಪೂರ್ತಿ ಖರ್ಚಾದವು. 2025ರ ಫೆಬ್ರುವರಿ 2ರಂದು ಕ್ಲಾರ್ಕ್ ತೊಟ್ಟಿದ್ದ 22ನೇ ಸಂಖ್ಯೆಯ ಅಂಗಿಯನ್ನು ಕಾರ್ವರ್‌ನಲ್ಲಿ ಮೇಲೇರಿಸಿದರು. ಅದೇ ದಿನ ಹೊಸ ತಂಡ ದೇಶದ ನಾಲ್ಕನೇ ಸ್ಥಾನದಲ್ಲಿದ್ದ ಯುಎಸ್‌ಸಿಯನ್ನು 76-69ರಿಂದ ಸೋಲಿಸಿತು. ಅಂದೂ ಭಾನುವಾರ. ಮೆಟ್ಟಿಲ ಮೇಲೆ ಜನ ಕೂತಿದ್ದ ಆ ಪಂದ್ಯಕ್ಕೆ 40 ವರ್ಷ ತುಂಬಲು ಒಂದೇ ದಿನ ಉಳಿದಿತ್ತು.