ರೈಲಿನ ಬಾಗಿಲಲ್ಲಿ ಒಂದೂವರೆ ಮೀಟರು

ಆಳಂದ, ಅಫಜಲಪುರ, ಜೇವರ್ಗಿ – ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳಿಗೂ ರೈಲು ಬರುವುದಿಲ್ಲ. ಆದರೆ ಅಲ್ಲಿನವರಿಗೆ ರೈಲಿನ ನೂಕುನುಗ್ಗಲು ಹೊಸದೇನಲ್ಲ. ಮುಂಬಯಿ, ಪುಣೆ, ಬೆಂಗಳೂರಿಗೆ ದುಡಿಯಲು ಹೊರಟವರು ಬಸ್ಸಿನಲ್ಲಿ ಕಲಬುರಗಿಗೆ ಬಂದು ಸಾಮಾನ್ಯ ಬೋಗಿ ಹತ್ತುತ್ತಾರೆ. ದೇವಲಗಾಣಗಾಪುರದ ಯಾತ್ರಿಕರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿಯುತ್ತಾರೆ. ದತ್ತ ಜಯಂತಿಯ ಹೊತ್ತಿಗೆ ಅಲ್ಲಿ ಇಳಿಯುವುದೂ ಒಂದು ಸಾಹಸವೇ.

ಹಳೆಯ ಮಾದರಿಯ ಸಾಮಾನ್ಯ ಬೋಗಿಯಲ್ಲಿ 90 ಆಸನಗಳು. ಹೊಸ ಎಲ್‌ಎಚ್‌ಬಿ ಬೋಗಿಯಲ್ಲಿ ಸುಮಾರು 100. ಅನಾರಕ್ಷಿತ ಟಿಕೆಟಿಗೆ ಆಸನದ ಭರವಸೆ ಇಲ್ಲ. ಹೀಗಾಗಿ ಉಳಿದವರು ನಿಲ್ಲುವುದು ಓಣಿಯಲ್ಲಿ, ಶೌಚಾಲಯದ ಎದುರಿನಲ್ಲಿ, ಕೊನೆಗೆ ಬಾಗಿಲಲ್ಲಿ.

ಬಾಗಿಲಲ್ಲಿ ನಿಂತರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ಹಳೆಯ ಜೋಡಿ ಮಾರ್ಗಗಳಲ್ಲಿ ಅಕ್ಕಪಕ್ಕದ ಹಳಿಗಳ ಮಧ್ಯರೇಖೆಗಳ ನಡುವೆ ಸುಮಾರು 4.7 ಮೀ. ಅಂತರವಿರುತ್ತದೆ (ಹೊಸವುಗಳಲ್ಲಿ 5.3 ಮೀ.). ಬೋಗಿಯ ಅಗಲ ಸುಮಾರು 3.2 ಮೀ. ಎದುರುಬದುರು ಸಾಗುವ ಎರಡು ರೈಲುಗಳ ನಡುವೆ ಉಳಿಯುವುದು ಒಂದೂವರೆ ಮೀಟರು ಮಾತ್ರ! ಎರಡೂ ಕಡೆಯವರು ಬೆನ್ನಿಗೆ ಚೀಲ ಹಾಕಿಕೊಂಡು ಮುಕ್ಕಾಲು ಮೀಟರು ಹೊರಬಾಗಿದರೆ ಆ ಅಂತರವೂ ಮುಗಿಯಿತು. ತಿರುವಿನಲ್ಲಿ ಬೋಗಿಗಳು ವಾಲುವುದರಿಂದ ಅದು ಇನ್ನೂ ಕಿರಿದಾಗಬಹುದು. ಎರಡೂ ರೈಲುಗಳು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಸಾಪೇಕ್ಷ ವೇಗ 120 ಕಿ.ಮೀ., ಅಂದರೆ ಸೆಕೆಂಡಿಗೆ 33 ಮೀ. ಅಪಾಯ ಕಂಡು ಮೈ ಹಿಂದೆಗೆಯಲು ಕಾಲು ಸೆಕೆಂಡು ಹಿಡಿದರೂ ಅಷ್ಟರಲ್ಲಿ ಎದುರಿನ ರೈಲು 8 ಮೀ. ಹತ್ತಿರ ಬಂದಿರುತ್ತದೆ. 2025ರ ಜೂನ್ 9ರಂದು ಮುಂಬಯಿಯ ಮುಂಬ್ರಾ ತಿರುವಿನಲ್ಲಿ ಎರಡು ಲೋಕಲ್ ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು, ಕನಿಷ್ಠ ನಾಲ್ವರು ಸತ್ತರು.

ಒಳಗಿನ ಅಪಾಯ ಬೇರೆ ಬಗೆಯದು. ಒಂದು ಚದರ ಮೀಟರಿನಲ್ಲಿ ಆರೇಳು ಜನ ಸೇರಿದರೆ ಯಾರೂ ತಮ್ಮಿಷ್ಟದಂತೆ ಚಲಿಸಲಾರರು. ಗುಂಪು ದ್ರವದಂತೆ ಹೊಯ್ದಾಡುತ್ತದೆ. ಉಸಿರೆಳೆಯಲು ಎದೆಗೂಡು ಹಿಗ್ಗಬೇಕಷ್ಟೆ. ಸುತ್ತಲಿನ ಒತ್ತಡ ಅದಕ್ಕೆ ಬಿಡದಿದ್ದರೆ ನಿಂತಲ್ಲೇ ಉಸಿರುಗಟ್ಟುತ್ತದೆ. ಇಂಥ ನೂಕುನುಗ್ಗಲಿನ ಸಾವುಗಳಿಗೆ ಬಹುಮಟ್ಟಿಗೆ ಕಾರಣ ತುಳಿತವಲ್ಲ, ಇದೇ.

ಮೆಟ್ಟಿಲ ಮೇಲೆ, ಛಾವಣಿಯ ಮೇಲೆ ಪಯಣಿಸಿದರೆ 1989ರ ರೈಲ್ವೆ ಕಾಯಿದೆಯ 156ನೇ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ ಅಥವಾ 500 ರೂ.ವರೆಗೆ ದಂಡ, ಇಲ್ಲವೇ ಎರಡೂ. ಆದರೆ ಬಾಗಿಲಿಗೆ ಬಂದವರೆಲ್ಲ ಹುಡುಗಾಟಕ್ಕೆ ಬಂದವರಲ್ಲ. ವಿಶ್ರಾಂತಿಯಲ್ಲಿರುವ ಒಬ್ಬ ವ್ಯಕ್ತಿಯ ದೇಹ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತದೆ. ಬೋಗಿಯಲ್ಲಿ 200 ಜನರಿದ್ದರೆ 20 ಕಿಲೋವ್ಯಾಟ್, ಅಂದರೆ ಒಂದು ಕಿಲೋವ್ಯಾಟಿನ ಇಪ್ಪತ್ತು ಹೀಟರುಗಳನ್ನು ಹಚ್ಚಿಟ್ಟಂತೆ! ಕಲಬುರಗಿಯ ಬೇಸಿಗೆಯಲ್ಲಿ ಹೊರಗಿನ ತಾಪ 40 ಡಿಗ್ರಿ ದಾಟಿದಾಗ ದೇಹ ತಣಿಯಲು ಬೆವರು ಆರುವುದೊಂದೇ ದಾರಿ, ಅದಕ್ಕೆ ಗಾಳಿಯಾಡಬೇಕು. ಗಾಳಿ ಸಿಗುವುದು ಬಾಗಿಲಲ್ಲಿ.

ಹೀಗಿರುವಾಗ ಬಾಗಿಲು ಮುಚ್ಚಿಬಿಟ್ಟರೆ ಸಾಲದು. ಮುಂಬ್ರಾ ಅಪಘಾತದ ನಂತರ ಮುಂಬಯಿಯ ಹವಾನಿಯಂತ್ರಣವಿಲ್ಲದ ಲೋಕಲ್ ರೈಲುಗಳಿಗೆ ತಾನಾಗಿ ಮುಚ್ಚುವ ಬಾಗಿಲನ್ನು ಯೋಜಿಸಿದಾಗ, ರೈಲ್ವೆ ಅದರ ಜೊತೆಗೆ ಇನ್ನೂ ಮೂರನ್ನು ಸೇರಿಸಬೇಕಾಯಿತು: ಬಾಗಿಲಿನಲ್ಲೇ ಗಾಳಿಕಿಂಡಿಗಳು, ಹೊರಗಿನ ಗಾಳಿಯನ್ನು ಒಳಗೆ ತಳ್ಳಲು ಛಾವಣಿಯ ಮೇಲೆ ಯಂತ್ರಗಳು, ಜನ ತಾವೇ ಹಂಚಿಹೋಗಲು ಬೋಗಿಯಿಂದ ಬೋಗಿಗೆ ದಾರಿ.